ಅಟ್ಟದ ಮೇಲಿನ ಕೊಸರು

ದಿಲ್ಲಿಯ ವಸಂತ್ ಕುಂಜಿಗೆ ಮತ್ತೆ ಹೋದದ್ದು ಬೇರೇನಕ್ಕೂ ಅಲ್ಲ, ಬಾಡಿಗೆಗೆ ಕೊಟ್ಟ ಅಕ್ಕನ ಮನೆಯ ಗೀಸರ್ ಕೆಟ್ಟಿತ್ತು. ಬಾಡಿಗೆದಾರರು ಒಳ್ಳೆಯವರು, ಎರಡು ಸಲ ನಯವಾಗಿ ಫೋನ್ ಮಾಡಿ, ಆಮೇಲೆ ಸ್ವಲ್ಪ ಬಿರುಸಾಗಿ ಮಾಡಿದರು. ಅಕ್ಟೋಬರ್ ತಿಂಗಳ ಸಂಜೆ. ಆಟೋ ಇಳಿದು ಗೇಟಿನೊಳಗೆ ಕಾಲಿಟ್ಟೆನೋ ಇಲ್ಲವೋ, ಸಪ್ತಪರ್ಣಿ ಹೂವಿನ ವಾಸನೆ ಬಂದು ಮೂಗಿಗೆ ಅಡರಿತು. ದಿಲ್ಲಿಯಲ್ಲಿ ಇದ್ದವರಿಗೆಲ್ಲ ಈ ವಾಸನೆ ಗೊತ್ತು. ದಸರಾ ಮುಗಿಯುವ ಹೊತ್ತಿಗೆ ಅರ್ಧ ಊರಿನ ಬೀದಿಮರಗಳು ಬಿಳಿಹಸಿರು ಗೊಂಚಲು ಬಿಟ್ಟು, ಕತ್ತಲಾಗುತ್ತಿದ್ದಂತೆ ಘಮ್ಮೆಂದು ಶುರುಮಾಡುತ್ತವೆ. ಕೆಲವರು ಆಹಾ ಎನ್ನುತ್ತಾರೆ, ಕೆಲವರು ತಲೆನೋವೆಂದು ಕಿಟಕಿ ಹಾಕುತ್ತಾರೆ. ನಾನು ಕಿಟಕಿ ಹಾಕುವವರ ಪೈಕಿ. ಅಕ್ಕ ಆಹಾ ಎನ್ನುವವಳು.

"ಇದು ನಮ್ಮ ಹಾಲೆ ಮರ ಕಣೋ. ಹಿಂದೆ ಇದರ ಹಲಗೆ ಮೇಲೇ ಮಕ್ಕಳು ಅಕ್ಷರ ತಿದ್ತಾ ಇದ್ದದ್ದು. ಮೂಗು ಮುಚ್ಕೋಬೇಡ, ವಿದ್ಯೆ ಹತ್ತಲ್ಲ," ಎನ್ನುತ್ತಿದ್ದಳು.

ಗೀಸರ್ ರಿಪೇರಿಯ ಭಯ್ಯಾ ಇನ್ನೂ ಬಂದಿರಲಿಲ್ಲ. ಮರದ ಬುಡದ ಸಿಮೆಂಟು ಕಟ್ಟೆಯ ಮೇಲೆ ಕುಳಿತೆ. ಗೇಟಿನ ಪಕ್ಕದಲ್ಲಿ ರಾಮ್‌ಸೇವಕನ ತರಕಾರಿ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಯಾರದೋ ಕಾರು ನಿಂತಿತ್ತು. ಅದನ್ನು ನೋಡುತ್ತ, ಅಕ್ಕ ಇಲ್ಲದ ಮೊದಲ ಚಳಿಗಾಲ ನೆನಪಾಯಿತು. ನೆನಪಾಯಿತು ಎನ್ನುವುದೂ ಪೂರ್ತಿ ಸರಿಯಲ್ಲ. ಆ ಚಳಿಗಾಲದಲ್ಲಿ ನಾನು ಇದ್ದೆ, ಕೆಲಸಕ್ಕೆ ಹೋದೆ, ಊಟ ಮಾಡಿದೆ. ಆದರೆ ಹಲ್ಲು ಕೀಳಿಸಿಕೊಂಡು ಬಂದ ದಿನ ಕೆನ್ನೆ ಮುಟ್ಟಿಕೊಂಡರೆ ಬೇರೆ ಯಾರದೋ ಕೆನ್ನೆ ಅನ್ನಿಸುತ್ತದಲ್ಲ, ಇಡೀ ಮೈಯಲ್ಲಿ ಹಾಗಿತ್ತು.

ಅಕ್ಕ ಅಂದರೆ ಶಾರದಕ್ಕ, ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಎಂದು ಹೇಳಿ ಕಾಫಿ ಕೊಡುತ್ತಿದ್ದಳು. ನನಗೆ ಊರಾಚೆಯ ಮನೇಸರ್ ಕಡೆಯ ಒಂದು ಸಣ್ಣ ಕಂಪನಿಯಲ್ಲಿ ರಾಕೆಟ್ ಕಟ್ಟುವ ಕೆಲಸ ಸಿಕ್ಕಿ ದಿಲ್ಲಿಗೆ ಬಂದಾಗ, "ಬೇರೆ ಮನೆ ಯಾಕೋ, ಪುಸ್ತಕ ಎತ್ತಿಟ್ಟರೆ ಒಂದು ರೂಮು ಖಾಲಿ ಆಗತ್ತೆ" ಎಂದಳು. ಪುಸ್ತಕ ಎತ್ತಿಡಲಿಲ್ಲ. ನಾನೇ ಅವುಗಳ ಸಂದಿಯಲ್ಲಿ ಹೊಂದಿಕೊಂಡೆ. ವಿಮಾನಗಳು ತಲೆಯ ಮೇಲೇ ಇಳಿಯುವಂತೆ ಹಾದುಹೋಗುವ ಆ ಮನೆಯಲ್ಲಿ ನಾವಿಬ್ಬರೂ ಮಾತಿನ ಮಧ್ಯೆ ತಡೆದು, ಸದ್ದು ಹೋದ ಮೇಲೆ ವಾಕ್ಯ ಮುಗಿಸುವುದನ್ನು ರೂಢಿಮಾಡಿಕೊಂಡೆವು.

ರಾಕೆಟ್ ಹಾರುವಾಗ ಜನ ನೋಡುವುದು ಬುಡದ ಬೆಂಕಿಯನ್ನು. ನನ್ನ ಕೆಲಸ ಇದ್ದದ್ದು ತುದಿಯಲ್ಲಿ. ನಮ್ಮದು ಮೂರು ಹಂತದ ಸಣ್ಣ ರಾಕೆಟ್. ಕೆಳಗಿನ ಹಂತ ಉರಿದು ಬೀಳುತ್ತದೆ, ನಡುವಿನದೂ ಉರಿದು ಬೀಳುತ್ತದೆ. ಕೊನೆಗೆ ಉಳಿಯುವುದು ಮೇಲಿನ ಹಂತ: ಇಂಧನಕ್ಕೊಂದು, ಅದನ್ನು ಉರಿಸುವ ದ್ರವಕ್ಕೊಂದು ತೊಟ್ಟಿ, ಒಂದು ಪುಟ್ಟ ಎಂಜಿನ್, ಒಂದಿಷ್ಟು ಕೊಳವೆ ತಂತಿಗಳು, ಅವುಗಳ ನೆತ್ತಿಯ ಮೇಲೆ ಉಪಗ್ರಹ. ಉಪಗ್ರಹವನ್ನು ಕಕ್ಷೆಗೆ ಬಿಡುವ ತನಕ ಈ ಮೇಲಿನ ಹಂತ ಜೊತೆಗೇ ಹೋಗಬೇಕು. ಹಾಗಾಗಿ ಕೆಳಗಿನ ಹಂತ ನಾಲ್ಕಾರು ಕಿಲೋ ದಪ್ಪಗಾದರೂ ಅಷ್ಟು ಚಿಂತೆಯಿಲ್ಲ, ಅದು ಅರ್ಧ ದಾರಿಯಲ್ಲೇ ಕಳಚಿಕೊಳ್ಳುತ್ತದೆ. ಮೇಲಿನ ಹಂತ ಒಂದು ಕಿಲೋ ದಪ್ಪಗಾದರೆ ಮಾತ್ರ ಉಪಗ್ರಹದ ಪಾಲಿನಿಂದ ಒಂದು ಕಿಲೋ ನೇರವಾಗಿ ಕಡಿಮೆಯಾಗುತ್ತದೆ. ಸಣ್ಣ ರಾಕೆಟ್ಟಿನಲ್ಲಿ ಆ ಪಾಲೇ ಚಿಕ್ಕದು. ಅದನ್ನು ಯಾರೂ ತಿನ್ನದಂತೆ ಕಾಯುವುದು ನನ್ನ ಕೆಲಸ.

ಇದನ್ನು ಅಕ್ಕ ಪಕ್ಕದ ಮನೆಯವರಿಗೆ ವಿವರಿಸುತ್ತಿದ್ದ ರೀತಿ ಬೇರೆ. "ಬೆಟ್ಟ ಹತ್ತುವಾಗ ಬುತ್ತಿ ಅರ್ಧ ದಾರೀಲಿ ತಿಂದು ಮುಗಿಸ್ತೀವಿ, ನೀರು ಕುಡಿದು ಬಾಟಲಿ ಖಾಲಿ ಮಾಡ್ತೀವಿ. ಕಾಲಿನ ಚಪ್ಪಲಿ ಮಾತ್ರ ತುದಿ ತನಕ ಬರತ್ತೆ. ನನ್ನ ತಮ್ಮ ಶೇಖರ ಚಪ್ಪಲಿ ಇಲಾಖೆಯವನು." ಪಕ್ಕದ ಮನೆಯವರು ನನ್ನನ್ನು ಬಹಳ ದಿನ ಯಾವುದೋ ಶೂ ಕಂಪನಿಯವನು ಎಂದೇ ತಿಳಿದಿದ್ದರು. ನನ್ನ ಹತ್ತಿರ ಮಾತಾಡುವಾಗ ಅವಳು ಮೇಲಿನ ಹಂತವನ್ನು ಅಟ್ಟ ಎನ್ನುತ್ತಿದ್ದಳು. ಮನೆ ಕಟ್ಟಿದವರೆಲ್ಲ ಅಟ್ಟದ ಮೇಲೆ ಬೇಡದ್ದನ್ನು ತುಂಬುವಂತೆ ರಾಕೆಟ್ ಕಟ್ಟುವವರೂ ತುಂಬುತ್ತಾರೆ ಎಂಬುದು ಅವಳ ದೂರು. ದೂರು ನಿಜವಾಗಿತ್ತು. ತೊಟ್ಟಿ ಮಾಡುವವನು ಗೋಡೆಯನ್ನು ಕೂದಲೆಳೆಯಷ್ಟು ದಪ್ಪ ಮಾಡುತ್ತಾನೆ, ತಂತಿ ಎಳೆಯುವವಳು ಒಂದು ಗೇಣು ಉದ್ದ ಬಿಡುತ್ತಾಳೆ, ಬಣ್ಣದವನು ಇನ್ನೊಂದು ಕೋಟ್ ಬಳಿಯುತ್ತಾನೆ. ಎಲ್ಲರದೂ ಭಯ, ಎಲ್ಲರದೂ ಒಳ್ಳೆಯ ಉದ್ದೇಶ.

"ಇದಕ್ಕೆ ನಮ್ಮಲ್ಲಿ ಹೆಸರಿದೆಯಲ್ಲೋ, ಕೊಸರು," ಎಂದಳು ಅಕ್ಕ ಒಂದು ದಿನ ಊಟಕ್ಕೆ ಕೂತಾಗ.

ನಮ್ಮಪ್ಪನಿಗೆ ತಿಪಟೂರಿನಲ್ಲಿ ದಿನಸಿ ಅಂಗಡಿ ಇತ್ತು. ತೊಗರಿಬೇಳೆ ತೂಗಿ, ತಕ್ಕಡಿ ಸಮಕ್ಕೆ ಬಂದ ಮೇಲೆ, ಅಪ್ಪ ಇನ್ನೊಂದು ಚಿಟಿಕೆ ಹಾಕಿ ಬೇಳೆಯ ತಟ್ಟೆ ಸ್ವಲ್ಪ ಕೆಳಗೆ ಬಾಗುವುದನ್ನು ನೋಡಿಯೇ ಪೊಟ್ಟಣ ಕಟ್ಟುತ್ತಿದ್ದರು. ಆ ಚಿಟಿಕೆಯೇ ಕೊಸರು. "ತಕ್ಕಡಿ ಸಮ ನಿಂತರೆ ವ್ಯಾಪಾರ, ಬಾಗಿದರೆ ಸಂಬಂಧ" ಎನ್ನುವುದು ಅಪ್ಪನ ಮಾತು. ಅಂಗಡಿ ಕೊನೆಗೆ ಹೆಚ್ಚೇನೂ ಉಳಿಸಲಿಲ್ಲ, ಸಂಬಂಧಗಳಿಗೇನೂ ಕೊರತೆಯಿರಲಿಲ್ಲ. ಅಕ್ಕ ಆ ಅಭ್ಯಾಸವನ್ನು ದಿಲ್ಲಿಗೂ ತಂದಿದ್ದಳು, ಗಿರಾಕಿಯ ಕಡೆಯಿಂದ. ಗೇಟಿನ ಬಳಿಯ ರಾಮ್‌ಸೇವಕನ ಗಾಡಿಯಲ್ಲಿ ತರಕಾರಿ ತೂಗಿಸಿದ ಮೇಲೆ, "ಭಯ್ಯಾ, ಧನಿಯಾ?" ಎಂದು ಕೈ ಒಡ್ಡಿಯೇ ಒಡ್ಡುತ್ತಿದ್ದಳು. ಅವನು ಒಂದು ಹಿಡಿ ಕೊತ್ತಂಬರಿ, ಎರಡು ಹಸಿಮೆಣಸಿನಕಾಯಿ ಚೀಲಕ್ಕೆ ಹಾಕಿ, "ದೀದಿ ಕಾ ಟ್ಯಾಕ್ಸ್" ಎಂದು ನಗುತ್ತಿದ್ದ. ವಿಶ್ವವಿದ್ಯಾಲಯದಲ್ಲಿ ದೊಡ್ಡ ಹುದ್ದೆ, ಒಳ್ಳೆಯ ಸಂಬಳ. ಆದರೂ ಪುಕ್ಕಟೆ ಕೊತ್ತಂಬರಿ ಸಿಗದ ದಿನ ಅವಳ ಮುಖ ನೋಡಲಾಗುತ್ತಿರಲಿಲ್ಲ.

ನಾನು ಆ ಪದವನ್ನು ಆಫೀಸಿನಲ್ಲಿ ಒಮ್ಮೆ ಬಾಯಿತಪ್ಪಿ ಆಡಿದೆ. ನಮ್ಮ ಮುಖ್ಯಸ್ಥರು ಭಾಟಿಯಾ, ಫರೀದಾಬಾದಿನವರು, ಪದಗಳನ್ನು ಸಮೋಸಾದ ಹಾಗೆ ಎತ್ತಿ ಬಾಯಿಗೆ ಹಾಕಿಕೊಳ್ಳುವವರು. ಮಾರನೆಯ ದಿನದಿಂದ ಸಭೆಯಲ್ಲಿ "ಶೇಖರ್ ಜೀ, ಕೋಸ್ರು ಕಿತನಾ ಹೈ?" ಎಂದು ಶುರುವಾಯಿತು. ಯಾರದಾದರೂ ಭಾಗ ಹೇಳಿದ್ದಕ್ಕಿಂತ ಹೆಚ್ಚು ತೂಗಿದರೆ ಅವರಿಗೆ ಕೋಸ್ರು ಎಂದೇ ಹೆಸರು.

ಅಕ್ಕನ ವಿದ್ಯಾರ್ಥಿಗಳು ಅದೇ ಹೊತ್ತಿಗೆ ಒಂದು ಪುಟ್ಟ ಉಪಗ್ರಹ ಕಟ್ಟುತ್ತಿದ್ದರು. ಎರಡು ಶೂ ಡಬ್ಬಿ ಜೋಡಿಸಿದಷ್ಟು ದೊಡ್ಡದು. ಉತ್ತರದ ಬಯಲಿನ ಮೇಲೆ ಚಳಿಗಾಲದಲ್ಲಿ ಕವಿಯುವ ಹೊಗೆ ಎಲ್ಲಿ ಹುಟ್ಟಿ ಎತ್ತ ಸರಿಯುತ್ತದೆ ಎಂದು ಮೇಲಿನಿಂದ ನೋಡುವುದು ಅದರ ಕೆಲಸ. ನಮ್ಮ ಮೊದಲ ಹಾರಾಟದಲ್ಲಿ ಹಣ ಕೊಟ್ಟ ಗಿರಾಕಿಯ ಉಪಗ್ರಹ ಕೂತ ಮೇಲೂ ಸ್ವಲ್ಪ ತೂಕಕ್ಕೆ ಜಾಗವಿತ್ತು. ಆ ಜಾಗವನ್ನು ಭಾಟಿಯಾ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಟ್ಟರು. ಆರಿಸಿದ್ದು ಅವರೇ, ನಾನು ಆ ಸಭೆಗೆ ಹೋಗಲಿಲ್ಲ. ಸುದ್ದಿ ತಿಳಿದ ಸಂಜೆ ನಾನು ಅಕ್ಕನಿಗೆ, "ನಿನ್ನದು ಕೊಸರು ಉಪಗ್ರಹ" ಎಂದು ಕಿಚಾಯಿಸಿದೆ.

"ಹೀಯಾಳಿಸಬೇಡ. ಬೇಳೆ ಮನೆಗೆ ಹೋದ ಮೇಲೆ ಗಿರಾಕಿ ನೆನಪಿಟ್ಕೊಳ್ಳೋದು ಕೊಸರನ್ನೇ," ಎಂದಳು. ಆಮೇಲೆ ನನ್ನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿ ಕೇಳಿದಳು: "ನಿಮ್ಮ ಅಟ್ಟಕ್ಕೆ ಪಂಪು ಇಲ್ಲವಂತಲ್ಲ, ಯಾಕೆ?"

"ಪಂಪ್ ಇದ್ದರೆ ಕೆಡೋ ಸಾಮಾನು ಒಂದು ಜಾಸ್ತಿ. ನಾವು ಗಾಳಿಯ ಒತ್ತಡದಿಂದಲೇ ಇಂಧನ ನೂಕ್ತೀವಿ."

"ಒತ್ತಡ ತಡ್ಕೊಳ್ಳೋಕೆ ತೊಟ್ಟಿ ದಪ್ಪ ಬೇಕಲ್ಲ?"

"ಬೇಕು."

"ಅಂದ್ರೆ ಕೊನೇಲಿ ನೀನು ನಮ್ಮ ಹುಡುಗರ ಹತ್ರ ಬರ್ತೀಯ, ಒಂಚೂರು ತೂಕ ಇಳಿಸಿ ಅಂತ."

"ಬರಲ್ಲ."

"ಬರ್ತೀಯ ಬಿಡು. ತೂಕದೋನು ತಿರುಪೆಯೋನು." ಅವಳು ಎದ್ದು ದೋಸೆಹಿಟ್ಟಿನ ಪಾತ್ರೆಯ ತಳವನ್ನು ಬೆರಳಿನಿಂದ ಕೆರೆಯತೊಡಗಿದಳು. "ನಿಮ್ಮ ತೊಟ್ಟೀಲೂ ಹೀಗೇ ತಳದಲ್ಲಿ ಉಳಿಯತ್ತಲ್ಲ, ಉರಿಯದೆ? ಅದೂ ತೂಕವೇ. ಮೊದಲು ಅದನ್ನ ಕೆರಿ, ಆಮೇಲೆ ಬಾ."

ಆ ವರ್ಷದ ಜೂನಿನ ಮಾತು ಇದು. ಸೆಪ್ಟೆಂಬರಿನಲ್ಲಿ ಅವಳಿಗೆ ಡೆಂಗಿ ಬಂತು. ಕಾಲೊನಿಯಲ್ಲಿ ಅರ್ಧ ಜನರಿಗೆ ಬಂದಿತ್ತು, ಎಲ್ಲರೂ ಪಪ್ಪಾಯಿ ಎಲೆ, ಎಳನೀರು ಎಂದು ಹೇಳಿ ಎದ್ದು ಓಡಾಡುತ್ತಿದ್ದರು. ಅಕ್ಕ ಏಳಲಿಲ್ಲ. ಜ್ವರ ಬಿಟ್ಟ ದಿನ, ವಾಸಿಯಾಯಿತು ಎಂದುಕೊಂಡ ದಿನವೇ ಬಿ.ಪಿ. ಬಿದ್ದುಹೋಯಿತು. ಆಸ್ಪತ್ರೆಯವರು ಮಾಡಬೇಕಾದ್ದನ್ನೆಲ್ಲ ಮಾಡಿದರು. ಆದರೂ ಅಕ್ಕ ಉಳಿಯಲಿಲ್ಲ. ಊರಿನಿಂದ ಚಿಕ್ಕಪ್ಪ ಬಂದರು, ಕರ್ಮಗಳಾದವು. ಬಂದವರು ನನ್ನ ಬೆನ್ನು ಸವರಿ, "ಅತ್ತುಬಿಡಪ್ಪ" ಎಂದರು. ಅಳು ಬರಲಿಲ್ಲ. ಬರಿಸಬೇಕೆಂದು ಪ್ರಯತ್ನವನ್ನೂ ಪಟ್ಟೆ. ನನ್ನನ್ನು ಸಾಕಿದವಳು ಅವಳು, ಎಲ್ಲರಿಗೂ ಗೊತ್ತಿದ್ದ ಮಾತು. ಕಣ್ಣು ಮರಳಿನಷ್ಟು ಒಣಗಿತ್ತು. ಇದೂ ಒಂದು ರೋಗವಿರಬಹುದು ಎಂದುಕೊಂಡೆ, ಆಮೇಲೆ ಅದರ ಬಗ್ಗೆ ಯೋಚಿಸುವುದನ್ನೂ ಬಿಟ್ಟೆ.

ಕೆಲಸಕ್ಕೆ ಮರಳಿದ ವಾರ ಸಪ್ತಪರ್ಣಿ ಅರಳಿತು. ರಾಮ್‌ಸೇವಕ ನನ್ನನ್ನು ಕಂಡು, "ದೀದಿ ಗಾಂವ್ ಗಯೀ ಹೈಂ ಕ್ಯಾ?" ಎಂದು ಕೇಳಿದ. ಅಕ್ಕ ಊರಿಗೆ ಹೋಗಿದ್ದಾಳೆಂದೇ ತಿಳಿದಿದ್ದ, ಅವನಿಗೆ ಗೊತ್ತಿರಲಿಲ್ಲ. ಹೇಳಿದೆ. ಅವನು ತಕ್ಕಡಿ ಕೆಳಗಿಟ್ಟು ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಆಮೇಲೆ ನಾನು ಕೊಂಡ ಟೊಮೇಟೊ, ಈರುಳ್ಳಿಯ ಮೇಲೆ ಒಂದು ಹಿಡಿ ಕೊತ್ತಂಬರಿ ಹಾಕಿದ. ನಾನು ಕೇಳಿರಲಿಲ್ಲ. ಅಂದಿನಿಂದ ಪ್ರತಿಸಲವೂ ಹಾಕಿದ. ನಾನು ಪ್ರತಿಸಲವೂ ಅದನ್ನು ಫ್ರಿಜ್ಜಿನಲ್ಲಿಟ್ಟು, ಕಪ್ಪಾದ ಮೇಲೆ ತೆಗೆದು ಬಿಸಾಕಿದೆ. ನನಗೆ ಕೊತ್ತಂಬರಿ ಹಾಕಿ ಅಡುಗೆ ಮಾಡುವಷ್ಟು ಆಸ್ಥೆ ಇರಲಿಲ್ಲ. ಬೇಡ ಎಂದು ಹೇಳುವಷ್ಟೂ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಹೊಗೆ ಕವಿಯಿತು. ಬೆಳಗ್ಗೆ ಟ್ಯಾಕ್ಸಿಯಲ್ಲಿ ಹೆದ್ದಾರಿ ಹಿಡಿದರೆ ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಟೋಲ್ ದಾಟಿದ ಮೇಲೂ ಸೂರ್ಯ ತೊಳೆದಿಟ್ಟ ಸ್ಟೀಲ್ ತಟ್ಟೆಯ ಹಾಗೆ, ನೇರ ನೋಡಿದರೂ ಕಣ್ಣು ಕುಕ್ಕದ ಹಾಗೆ ಇರುತ್ತಿದ್ದ. ಉಳಿದವರು ಗಂಟಲು, ಕಣ್ಣು, ಎದೆ ಎಂದು ಗೊಣಗುತ್ತಿದ್ದರು. ನನಗೆ ಆ ಹೊಗೆ ಸರಿಯೆನಿಸಿತು. ಹೊರಗೂ ಒಳಗೂ ಒಂದೇ ಹವೆ.

ಆ ದಿನಗಳಲ್ಲೇ ಮೇಲಿನ ಹಂತವನ್ನು ಮೊದಲ ಸಲ ಪೂರ್ತಿ ಜೋಡಿಸಿ, ಕ್ರೇನಿಗೆ ಕಟ್ಟಿ ತೂಗಿದೆವು. ಲೆಕ್ಕಕ್ಕಿಂತ ಸಾಕಷ್ಟು ಹೆಚ್ಚು ಭಾರ ಬಂತು. ಆ ಹೆಚ್ಚುವರಿ ಭಾರ ಉಪಗ್ರಹಗಳ ಪಾಲಿನಿಂದ ಅಕ್ಕನ ಉಪಗ್ರಹದ ತೂಕದಷ್ಟನ್ನೇ ತಿಂದುಹಾಕುತ್ತಿತ್ತು. ಭಾಟಿಯಾ ನನ್ನನ್ನು ಪಕ್ಕಕ್ಕೆ ಕರೆದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: ಹಣ ಕೊಟ್ಟ ಗಿರಾಕಿಯ ಒಂದು ಗ್ರಾಮನ್ನೂ ಮುಟ್ಟುವಂತಿಲ್ಲ. ಡಿಸೆಂಬರ್ ಕೊನೆಯೊಳಗೆ ಮೇಲಿನ ಹಂತದ ತೂಕ ಇಳಿಯಬೇಕು, ಇಲ್ಲದಿದ್ದರೆ ವಿದ್ಯಾರ್ಥಿಗಳ ಉಪಗ್ರಹವೇ ರಾಕೆಟ್ಟಿನಿಂದ ಇಳಿಯಬೇಕು. "ಮುಝೆ ಬುರಾ ಲಗ್ ರಹಾ ಹೈ, ಶೇಖರ್ ಜೀ," ಎಂದರು. ನನಗೂ ಬೇಸರ ಅನ್ನಿಸಬೇಕಿತ್ತು. ಅಚ್ಛಾ ಎಂದು ಹೇಳಿ ಕೆಲಸಕ್ಕೆ ಹೋದೆ.

ಅಕ್ಕ ಇದ್ದಿದ್ದರೆ ಹಟ ಹಿಡಿಯುತ್ತಿದ್ದೆನೋ ಏನೋ. ಅವಳು ಇಲ್ಲದೆ ಹಟವೂ ಇರಲಿಲ್ಲ. ಕೈಗಳು ತಮ್ಮ ಪಾಡಿಗೆ ಕೆಲಸ ಮಾಡಿದವು, ಅಷ್ಟೆ. ಒಂದೊಂದು ವಿಭಾಗಕ್ಕೂ ಹೋಗಿ ಕೂತೆ. ನಿಮ್ಮ ಕೊಸರು ಕೊಡಿ, ಎಂದೆ. ತೊಟ್ಟಿಯ ಆಧಾರಗಳಲ್ಲಿ ತೂತು ಕೊರೆಸಿದೆವು. ತಂತಿಗಳನ್ನು ಗಿಡ್ಡ ಮಾಡಿದೆವು. ಉಕ್ಕಿನ ಬೋಲ್ಟುಗಳ ಜಾಗಕ್ಕೆ ಟೈಟಾನಿಯಂ ಬಂತು. ಬಣ್ಣದ ಎರಡನೆಯ ಕೋಟನ್ನು ಉಜ್ಜಿ ತೆಗೆದೆವು. ಬಣ್ಣದವನು ಎರಡು ದಿನ ನನ್ನೊಂದಿಗೆ ಚಹಾ ಕುಡಿಯಲಿಲ್ಲ. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ತೊಟ್ಟಿಯ ತಳದಲ್ಲಿ. ಇಂಧನ ಹೊರಬರುವ ಬಾಯಿಯ ಆಕಾರ ಬದಲಿಸಿದರೆ ತಳದಲ್ಲಿ ಉರಿಯದೆ ಉಳಿಯುವುದು ಅರ್ಧಕ್ಕಿಳಿಯುತ್ತದೆ ಎಂದು ನಾನೇ ಸೂಚಿಸಿದೆ. ಎಲ್ಲರೂ ಶಾಬಾಶ್ ಎಂದರು. ದೋಸೆಹಿಟ್ಟಿನ ಪಾತ್ರೆಯ ಮಾತನ್ನು ನಾನು ಯಾರಿಗೂ ಹೇಳಲಿಲ್ಲ.

ಕೊಸರು ಎನ್ನುವ ಪದವನ್ನು ಮೊದಮೊದಲು ಆಫೀಸಿನವರು ನನ್ನೆದುರು ಆಡಲು ಹಿಂಜರಿದರು. ಆಮೇಲೆ ಮರೆತು, ಎಂದಿನಂತೆ ಕೋಸ್ರು ಕೋಸ್ರು ಎಂದು ಕೂಗಾಡತೊಡಗಿದರು. ನನಗೆ ಎರಡೂ ಒಂದೇ ಆಗಿತ್ತು.

ಡಿಸೆಂಬರ್ ಕೊನೆಗೆ ಮತ್ತೆ ತೂಗಿದೆವು. ಅಷ್ಟೆಲ್ಲ ಕೆರೆದ ಮೇಲೂ ಒಂದು ಕಿಲೋ ಹೆಚ್ಚಿತ್ತು. ಒಂದೇ ಒಂದು ಕಿಲೋ. ಅಟ್ಟದಲ್ಲಿ ಕೀಳಲು ಇನ್ನೇನೂ ಉಳಿದಿರಲಿಲ್ಲ. ಕಿತ್ತರೆ ರಾಕೆಟ್ಟೇ ಉಳಿಯುವಂತಿರಲಿಲ್ಲ. ಭಾಟಿಯಾ ತೂಕದ ಪರದೆಯನ್ನು ಬಹಳ ಹೊತ್ತು ನೋಡಿದರು. "ಬಚ್ಚೋಂ ಕೋ ಆಪ್ ಬತಾಯೇಂಗೇ, ಯಾ ಮೈಂ?" ಎಂದು ಕೇಳಿದರು. ಹುಡುಗರಿಗೆ ನಾನೇ ಹೇಳುತ್ತೇನೆ ಎಂದೆ. ಅದರಲ್ಲಿ ದೊಡ್ಡಸ್ತಿಕೆ ಏನೂ ಇರಲಿಲ್ಲ. ವಿಶ್ವವಿದ್ಯಾಲಯ ನನ್ನ ಮನೆಯ ದಾರಿಯಲ್ಲಿತ್ತು.

ಮಧ್ಯಾಹ್ನ ಹೋದೆ. ಅಕ್ಕನ ಪ್ರಯೋಗಾಲಯಕ್ಕೆ ಅವಳು ಹೋದ ಮೇಲೆ ನಾನು ಕಾಲಿಟ್ಟಿರಲಿಲ್ಲ. ಬಾಗಿಲ ಬಳಿ ಅವಳ ಹಳೆಯ ಚಪ್ಪಲಿ ಇನ್ನೂ ಇತ್ತು. ಒಳಗೆ ದೂಳು ಬರಬಾರದೆಂದು ಹೊರಗೇ ಬಿಡುತ್ತಿದ್ದಳು, ಯಾರೂ ತೆಗೆದಿರಲಿಲ್ಲ. ಒಳಗೆ ಇದ್ದವಳು ನಫೀಸಾ, ಶಿವಮೊಗ್ಗದ ಹುಡುಗಿ, ಅಕ್ಕನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದವಳು. ಉಪಗ್ರಹದ ಪೂರ್ತಿ ಹೊಣೆ ಈಗ ಅವಳದು. ಬಿಳಿ ಕೋಟಿನ ಮೇಲೆ ಶಾಲು ಹೊದ್ದುಕೊಂಡು, ಹೀಟರಿನ ಮುಂದೆ ಕೈ ಕಾಯಿಸುತ್ತ ನಿಂತಿದ್ದಳು. ಗಾಜಿನ ಪೆಟ್ಟಿಗೆಯಲ್ಲಿ ಉಪಗ್ರಹ ಸುಮ್ಮನೆ ಕೂತಿತ್ತು.

"ನಫೀಸಾ, ಒಂದು ವಿಷಯ ಹೇಳಬೇಕಿತ್ತು," ಎಂದೆ. "ನಮ್ಮ ಮೇಲಿನ ಹಂತ ಇನ್ನೂ ಒಂದು ಕಿಲೋ ಜಾಸ್ತಿ ಇದೆ. ನಿಮ್ಮದರಲ್ಲಿ ಒಂದು ಕಿಲೋ ಇಳಿಸೋಕೆ ಆಗತ್ತಾ ಅಂತ ಕೇಳೋಣ ಅಂತ ಬಂದೆ. ಆಗಲ್ಲ ಅಂತ ಗೊತ್ತು. ಆಗದಿದ್ದರೆ ಈ ಸಲದ ಹಾರಾಟದಲ್ಲಿ..."

ವಾಕ್ಯ ಮುಗಿಸುವ ಮೊದಲೇ ಒಂದು ವಿಮಾನ ಹಾದುಹೋಯಿತು. ನಾವಿಬ್ಬರೂ ಸದ್ದು ಕಳೆಯಲೆಂದು ಕಾದೆವು. ನಫೀಸಾ ನನ್ನನ್ನೇ ನೋಡುತ್ತಿದ್ದಳು, ಒಂದು ಥರ ಕುತೂಹಲದಿಂದ.

"ಎಲ್ಲ ತೆಗೆದಾಯ್ತಾ ಸರ್?" ಎಂದಳು.

"ಏನು?"

"ನಿಮ್ಮ ಅಟ್ಟದ್ದು. ಎಲ್ಲ ತೆಗೆದಾಯ್ತಾ?"

ಅಟ್ಟ ಎನ್ನುವ ಮಾತು ಅವಳ ಬಾಯಲ್ಲಿ ಕೇಳಿ ಒಂದು ಕ್ಷಣ ಏನೂ ತಿಳಿಯಲಿಲ್ಲ. "ಆಯ್ತು," ಎಂದೆ.

"ಪಾತ್ರೆ ತಳ ಕೆರೆದ್ರಾ?"

"ಕೆರೆದ್ವಿ."

ಅವಳು ಹೀಟರ್ ಬಿಟ್ಟು ಈಚೆ ಬಂದಳು. ಕೈಗವಸು ಹಾಕಿಕೊಂಡು, ಗಾಜಿನ ಪೆಟ್ಟಿಗೆ ತೆರೆದು, ಉಪಗ್ರಹದ ಒಂದು ಮಗ್ಗುಲಿನ ಫಲಕದ ತಿರುಪುಗಳನ್ನು ಬಿಚ್ಚಿದಳು. ಒಳಗೆ ಕೈಹಾಕಿ, ನಟ್ಟನಡುವಿನಿಂದ ಒಂದು ಹಿತ್ತಾಳೆಯ ತುಂಡನ್ನು ಬಿಚ್ಚಿ ತೆಗೆದು ನನ್ನ ಅಂಗೈ ಮೇಲಿಟ್ಟಳು. ಒಂದು ಅಚ್ಚು ಬೆಲ್ಲದಷ್ಟಿತ್ತು. ನೋಡಲು ಸಣ್ಣದು, ಆದರೆ ಕೈ ಕೆಳಗೆ ಜಗ್ಗಿತು.

"ಸಾಕಾಗತ್ತೆ ಸರ್. ಒಂದು ಕಿಲೋ ಮೇಲೇ ಇದೆ. ಸರಿ ಮಧ್ಯದಲ್ಲಿ ಇದ್ದದ್ದರಿಂದ ತೆಗೆದ್ರೂ ಸಮತೋಲ ತಪ್ಪಲ್ಲ. ಇದು ಇರೋವಾಗಲೂ ಇಲ್ಲದಿರೋವಾಗಲೂ ಎರಡೂ ಥರ ಪರೀಕ್ಷೆ ಮಾಡಿಸಿಟ್ಟಿದ್ರು ಮೇಡಂ."

"ಇದು ಯಾತಕ್ಕೆ ಇತ್ತು?"

"ಯಾತಕ್ಕೂ ಅಲ್ಲ. ಬರೀ ತೂಕ. ನಿಮಗೆ ಕೊಡೋಕೆ ಅಂತಲೇ ಇಟ್ಟಿದ್ದು." ಅವಳು ಫಲಕವನ್ನು ಮತ್ತೆ ಹಾಕುತ್ತ, ನನ್ನ ಕಡೆ ನೋಡದೆ ಹೇಳಿದಳು. "ಆಗಸ್ಟಲ್ಲಿ ಮೊದಲ ಸಲ ತೂಕ ಬರೆಸೋವಾಗ, ನಮ್ಮದು ಕೊಟ್ಟ ಮಿತಿಗಿಂತ ಹಗುರ ಇತ್ತು. ನಾವು ಖುಷಿಯಾಗಿ ಹಾಗೇ ಬರೆಸೋಣ ಅಂದ್ವಿ. ಮೇಡಂ ಬೇಡ ಅಂದು, ಈ ತುಂಡು ಹಾಕಿಸಿ ಪೂರ್ತಿ ಮಿತಿಯಷ್ಟೇ ಬರೆಸಿದ್ರು. 'ಹಗುರ ಇದೆ ಅಂತ ಗೊತ್ತಾದ್ರೆ ನನ್ನ ತಮ್ಮನ ಕಂಪನಿಯೋರು ಅದನ್ನ ಮೊದಲ ದಿನವೇ ತಿಂದು ಮುಗಿಸ್ತಾರೆ. ಅವನು ಕೊನೆಗೆ ಬಂದೇ ಬರ್ತಾನೆ, ಆಗ ಕೊಡಿ. ಕೇಳೋ ಮುಂಚೆ ಕೊಡಬೇಡಿ, ಮೊದಲು ಅವನ ಅಟ್ಟ ಖಾಲಿ ಮಾಡಲಿ' ಅಂದ್ರು."

ನಾನು ತುಂಡನ್ನು ಇನ್ನೊಂದು ಕೈಗೆ ಬದಲಿಸಿದೆ.

"ಮೇಡಂ ಹೋದ ಮೇಲೆ ನಿಮಗೆ ಹೇಳಿಬಿಡೋಣ ಅಂತ ಎಷ್ಟೋ ಸಲ ಅಂದ್ಕೊಂಡೆ ಸರ್. ಆದ್ರೆ ಕೇಳೋ ತನಕ ಕೊಡಬೇಡ ಅಂದಿದ್ರಲ್ಲ. ಅವರು ಹೇಳಿದ್ದರಲ್ಲಿ ನಾನು ಇನ್ನೂ ಮಾಡೋದು ಅಂತ ಉಳಿದಿದ್ದು ಅದೊಂದೇ." ಅವಳು ಕೊನೆಯ ತಿರುಪು ಬಿಗಿದು ನನ್ನ ಕಡೆ ತಿರುಗಿದಳು. "ಇನ್ನೊಂದು ಮಾತೂ ಹೇಳಿದ್ರು. 'ಅವನಿಗೆ ಇದನ್ನ ಕೊಡೋ ದಿನ ನಾನು ಇಲ್ಲೇ ಇರಬೇಕು, ಅವನ ಮುಖ ಹೇಗಾಗತ್ತೆ ಅಂತ ನೋಡಬೇಕು' ಅಂತ. ಅದಕ್ಕೇ ಸರ್ ನಿಮ್ಮ ಮುಖ ನೋಡ್ತಾ ಇದ್ದೀನಿ. ಬೇಜಾರು ಮಾಡ್ಕೋಬೇಡಿ."

ಅವಳು ಕಣ್ಣು ತುಂಬಿಕೊಂಡು ನಿಷ್ಠೆಯಿಂದ ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನೂ ಇರಲಿಲ್ಲ. ಅದು ನನಗೆ ಗೊತ್ತಾಗುತ್ತಿತ್ತು. ಅಕ್ಕ ಇಷ್ಟು ದಿನ ಮೊದಲೇ ಹೂಡಿಟ್ಟ ತಮಾಷೆಗೆ, ಅವಳ ಪರವಾಗಿ ನಿಂತ ಹುಡುಗಿಗೆ, ತೋರಿಸಲು ನನ್ನ ಬಳಿ ಒಂದು ಮುಖವೂ ಇರಲಿಲ್ಲ. ಥ್ಯಾಂಕ್ಸ್ ಎಂದೆ. ಭಾಟಿಯಾ ಅವರಿಗೆ ಅಲ್ಲಿಂದಲೇ ಫೋನ್ ಮಾಡಿ, ಸಿಕ್ಕಿತು ಎಂದೆ. ಅವರು ಆ ಕಡೆಯಿಂದ ಇಡೀ ಆಫೀಸಿಗೆ ಕೇಳುವಂತೆ ಕೂಗಿದ್ದು ಕೇಳಿಸಿತು.

ರಾಕೆಟ್ ಮುಂದಿನ ಬೇಸಿಗೆಯಲ್ಲಿ ಹಾರಿತು. ಮೇಲಿನ ಹಂತ ತನ್ನ ಕೆಲಸವನ್ನು ಸರಿಯಾಗಿ ಮಾಡಿತು. ಎರಡೂ ಉಪಗ್ರಹಗಳು ಕಕ್ಷೆಗೆ ಸೇರಿದವು. ಅದರ ಮುಂದಿನ ಚಳಿಗಾಲ ಅಕ್ಕನ ಉಪಗ್ರಹ ದಿಲ್ಲಿಯ ಹೊಗೆಯನ್ನು ಮೇಲಿನಿಂದ ನೋಡಿ ನಫೀಸಾಗೆ ಚಿತ್ರ ಕಳಿಸುತ್ತಿತ್ತು. ಹಾರಿದ ದಿನ ಎಲ್ಲರೂ ಅಪ್ಪಿಕೊಂಡರು, ನಾನೂ ಚಪ್ಪಾಳೆ ತಟ್ಟಿದೆ. ಆದರೆ ಅಂದಿನದು ನನಗೆ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಆ ಡಿಸೆಂಬರಿನ ಸಂಜೆ, ಹಿತ್ತಾಳೆಯ ತುಂಡನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮನೆಗೆ ಬಂದದ್ದು.

ಪ್ರಯೋಗಾಲಯದಿಂದ ನಡೆದೇ ಬಂದೆ. ಕೋಟು ಒಂದು ಕಡೆಗೆ ಜೋತುಬಿದ್ದು, ಹೆಜ್ಜೆಹೆಜ್ಜೆಗೂ ಆ ಭಾರ ತೊಡೆಗೆ ಬಡಿಯುತ್ತಿತ್ತು. ಗೇಟಿನ ಬಳಿ ರಾಮ್‌ಸೇವಕ ಗಾಡಿಯ ಮೇಲೆ ಬಲ್ಬು ಹಚ್ಚಿ, ಬಟಾಣಿಯ ರಾಶಿಗೆ ನೀರು ಚಿಮುಕಿಸುತ್ತಿದ್ದ. ಗಾಡಿಯ ಮೇಲೆ ಅವನ ತಕ್ಕಡಿ ಇತ್ತು. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಜೇಬಿನಿಂದ ತುಂಡನ್ನು ತೆಗೆದು ಅವನ ಕೈಗೆ ಕೊಟ್ಟು, "ಭಯ್ಯಾ, ಇಸೇ ಝರಾ ತೋಲ್ ದೋ" ಎಂದೆ.

ಅವನು ಅದನ್ನು ತಿರುಗಿಸಿ ನೋಡಿ, ಒಂದು ತಟ್ಟೆಯಲ್ಲಿಟ್ಟ. ಇನ್ನೊಂದು ತಟ್ಟೆಗೆ ಒಂದು ಕಿಲೋದ ಕಬ್ಬಿಣದ ಬಟ್ಟು ಹಾಕಿ, ತಕ್ಕಡಿಯನ್ನು ಹಗ್ಗ ಹಿಡಿದು ಮೇಲೆತ್ತಿದ. ಎರಡೂ ತಟ್ಟೆ ಒಮ್ಮೆ ತೂಗಾಡಿದವು. ಒಂದು ಘಳಿಗೆ ಸಮ ಬಂದಂತೆ ಕಂಡಿತು. ಆಮೇಲೆ ಅಕ್ಕನ ತಟ್ಟೆ ನಿಧಾನವಾಗಿ ಕೆಳಗೆ ಬಾಗಿ ಅಲ್ಲೇ ನಿಂತಿತು.

"ಏಕ್ ಕಿಲೋ ಸೇ ಥೋಡಾ ಊಪರ್ ಹೈ, ಸಾಬ್," ಎಂದ.

ನನಗೆ ಬೇಕಾಗಿದ್ದದ್ದು ಒಂದು ಕಿಲೋ. ಅವಳು ಅದರ ಮೇಲೂ ಒಂದು ಚಿಟಿಕೆ ಹಾಕಿದ್ದಳು. ಬಾಗಿದ ತಟ್ಟೆಯನ್ನು ನೋಡುತ್ತ ನಿಂತೆ. ಅಪ್ಪ ಪೊಟ್ಟಣ ಕಟ್ಟುವ ಮೊದಲು ನೋಡುತ್ತಿದ್ದಂತೆಯೇ ನೋಡುತ್ತಿದ್ದೆ ಎಂದು ಹೊಳೆಯಿತು. ಆಗ ಎಲ್ಲಿತ್ತೋ ಅಳು, ಬಂತು. ರಸ್ತೆ, ಗಾಡಿ, ಜನ ಯಾವುದೂ ಲೆಕ್ಕಕ್ಕಿಲ್ಲದೆ, ಬಾಯಿ ತೆರೆದು, ಮಕ್ಕಳ ಹಾಗೆ ಅತ್ತೆ. ಟೊಮೇಟೊ ಆರಿಸುತ್ತಿದ್ದ ಒಬ್ಬಾಕೆ ಕೈಯನ್ನು ಹಾಗೇ ನಿಲ್ಲಿಸಿದರು. ನನ್ನ ಮುಖ ಆಗ ಹೇಗಾಗಿತ್ತೋ, ನೋಡಬೇಕಾದವಳು ಅಲ್ಲಿರಲಿಲ್ಲ.

ರಾಮ್‌ಸೇವಕ ತಕ್ಕಡಿ ಕೆಳಗಿಳಿಸಿದ. ಹಿತ್ತಾಳೆಯ ತುಂಡನ್ನು ತನ್ನ ಹೆಗಲಿನ ಟವೆಲಿನಿಂದ ಒರೆಸಿ ನನ್ನ ಜೇಬಿಗೆ ತಾನೇ ಹಾಕಿದ. ಆಮೇಲೆ ಕಟ್ಟಿನಿಂದ ಒಂದು ಹಿಡಿ ಕೊತ್ತಂಬರಿ ಕಿತ್ತು, ನೀರು ಕೊಡವಿ, ನನ್ನ ಕೈಗಿಟ್ಟ. ಅಂದು ನಾನು ಅವನಿಂದ ಏನನ್ನೂ ಕೊಂಡಿರಲಿಲ್ಲ.